ಅಗಸೆ ಲೋಳೆಯ ಆಯಸ್ಸು

ಜನವರಿ ೪

ಮೂಗಿನ ಸಾಹೇಬರ ಸನ್ನಿಧಿಗೆ,

ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ದಿನಕ್ಕೆ ಹದಿನಾಲ್ಕು ತಲೆ ಬಾಚುವ ಕೈ ಇದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು. ಇನ್ನು ಮುಂದೆ ಹೀಗೇ.

ವಿಷಯಕ್ಕೆ ಬರುತ್ತೇನೆ. ನಮ್ಮ ನಾಟಕ ಕಂಪನಿಯ ಮೇಕಪ್ ಕೋಣೆಯಿಂದ ಸ್ಪ್ರೇ ಡಬ್ಬಿಗಳನ್ನು ಓಡಿಸಬೇಕೆಂದು ಹಠ ತೊಟ್ಟಿದ್ದೇನೆ. ಒಂದು ಪ್ರದರ್ಶನಕ್ಕೆ ಮೂರು ಡಬ್ಬಿ ಖಾಲಿಯಾಗುತ್ತವೆ. ಖಾಲಿ ಡಬ್ಬಿಗಳ ರಾಶಿ ಹಿಂದಿನ ಗೋಡೆಗೆ ಒರಗಿ ನನ್ನ ಸೊಂಟದೆತ್ತರ ಬೆಳೆದಿದೆ. ಯಾರೂ ತೆಗೆದುಕೊಂಡು ಹೋಗುವುದಿಲ್ಲ. ಅದರ ಬದಲು ಕೂದಲು ನಿಲ್ಲಿಸುವ ಲೋಳೆಯನ್ನು ನಾನೇ ಮನೆಯಲ್ಲಿ ಮಾಡುತ್ತಿದ್ದೇನೆ.

ಮಾಡುವ ಬಗೆ ಕೇಳು. ಒಂದು ಹಿಡಿ ಅಗಸೆ ಬೀಜಕ್ಕೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಕದಡುತ್ತಲೇ ಇರಬೇಕು. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ಎಳೆಯಾಗಿ ಇಳಿದರೆ ಆಯಿತು. ಆ ಹೊತ್ತು ತಪ್ಪಿದರೆ ಲೋಳೆ ಬೀಜವನ್ನು ಬಿಟ್ಟು ಬರುವುದೇ ಇಲ್ಲ. ಬಿಸಿ ಇರುವಾಗಲೇ ಸೋಸಬೇಕು. ಸೋಸುವುದಕ್ಕೆ ನರ್ತಕಿಯರ ಹರಿದ ಉದ್ದ ಕಾಲುಚೀಲ ಇದೆ. ತೊಳೆದದ್ದೇ, ಮುಖ ಸಿಂಡರಿಸಬೇಡ. ಹಿಂಡಿ ಉಳಿದ ಬೀಜ ನಮ್ಮ ಬಡಗಿಯ ಮನೆಯ ಕೋಳಿಗಳಿಗೆ ಹೋಗುತ್ತದೆ. ಗಂಡಸರ ಮೀಸೆಗೆ ಜೇನುಮೇಣ, ಎಣ್ಣೆ ಕರಗಿಸಿದರೆ ಸಾಕು. ಎಸೆಯುವಂಥದ್ದು ಏನೂ ಉಳಿಯುವುದಿಲ್ಲ.

ಮ್ಯಾನೇಜರು ಒಪ್ಪಿದ್ದಾರೆ, ಆದರೆ ಒಂದು ಷರತ್ತು. “ನೋಡಮ್ಮ, ರಾಣಿ ತಲೆ ಮೇಲಿನ ಗೋಪುರ ಎರಡೂವರೆ ಗಂಟೆ ನಿಲ್ಲಬೇಕು. ನಿಂತ್ರೆ ನಿನ್ನ ಬೀಜದ ಗಂಜಿ ಇರಲಿ. ಏನಾದ್ರೂ ಎಡವಟ್ಟಾದ್ರೆ ಡಬ್ಬಿ ವಾಪಸ್ ಬರುತ್ತೆ.”

“ಡಬ್ಬಿ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ,” ಎಂದೆ.

“ನಿನ್ನಿಷ್ಟ,” ಎಂದರು.

ಮಾರ್ಚ್ ಒಂದರಿಂದ ಬೇರೆ ಊರಿನಲ್ಲಿ ಹತ್ತು ದಿನ, ಹತ್ತು ಪ್ರದರ್ಶನ. ಅದೇ ನನ್ನ ಪರೀಕ್ಷೆ. ಅಲ್ಲಿ ಫ್ರಿಜ್ ಇಲ್ಲ, ಮೇಕಪ್ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಇಲ್ಲಿಂದಲೇ ಮಾಡಿ ಒಯ್ಯಬೇಕು. ಲೋಳೆ ಹತ್ತು ದಿನ ಕೆಡದೆ ಇರುತ್ತದೆಯೇ? ಲವಂಗದ ಕಷಾಯ, ನಿಂಬೆ ರಸ ಹಾಕಿದ್ದೇನೆ. ನನ್ನ ಮೂಗನ್ನು ನಾನೇ ನಂಬುವುದಿಲ್ಲ. ಪೌಡರು, ಅಂಟು, ಸ್ಪಿರಿಟ್ಟಿನ ನಡುವೆ ಇಪ್ಪತ್ತೆರಡು ವರ್ಷ ಕಳೆದ ಮೂಗು ಇದು. ನೀನೋ, ಬಾಗಿಲಲ್ಲಿ ನಿಂತೇ ಅಡುಗೆಮನೆಯ ಹಾಲು ಇವತ್ತಿನದೋ ನಿನ್ನೆಯದೋ ಎಂದು ಹೇಳುತ್ತಿದ್ದವನು. ಈಗ ಡೇರಿಯಲ್ಲಿ ಅದಕ್ಕೇ ಸಂಬಳ ತೆಗೆದುಕೊಳ್ಳುತ್ತೀಯ.

ಆದ್ದರಿಂದ ಒಂದು ಸೀಸೆ ಕಳಿಸುತ್ತಿದ್ದೇನೆ. ನಿನ್ನ ಊರಿಗೆ ಅಂಚೆ ಒಂಬತ್ತು ದಿನ ತೆಗೆದುಕೊಳ್ಳುತ್ತದೆ. ಒಂಬತ್ತನೇ ದಿನ ಮುಚ್ಚಳ ತೆಗೆದು ಮೂಸಿ, ಇದ್ದದ್ದು ಇದ್ದ ಹಾಗೆ ಬರಿ. ಸೀಸೆ ತೊಳೆದು ವಾಪಸ್ ಕಳಿಸು, ಅದು ಎಣಿಕೆಯದು.

ನಿನ್ನ ಅಕ್ಕ

ಜನವರಿ ೧೪

ಅಕ್ಕಾ,

ಕಾಗದ ನೋಡಿ ಯಾರಿಗೋ ಏನೋ ಆಯಿತೆಂದುಕೊಂಡೆ. ಒಡೆದು ನೋಡಿದರೆ ಬೀಜದ ಗಂಜಿ! ಇಪ್ಪತ್ತೆರಡು ವರ್ಷ ಬುಸ್ ಬುಸ್ ಎಂದು ಸಿಂಪಡಿಸಿದವಳಿಗೆ ಈಗ ಖಾಲಿ ಡಬ್ಬಿಗಳ ಮೇಲೆ ಕನಿಕರ ಹುಟ್ಟಿದೆ. ಯಾರೋ ನಟಿ ಯಾವುದೋ ಪತ್ರಿಕೆ ಓದಿ ನಿನ್ನ ತಲೆಗೆ ತುಂಬಿರಬೇಕು. ಇರಲಿ. ಆದರೆ ಡಬ್ಬಿಗಾಗಿ ಕೆಲಸ ಬಿಡುತ್ತೇನೆ ಎಂದು ಮ್ಯಾನೇಜರ ಮುಂದೆ ಅಬ್ಬರಿಸಿದ್ದು ಅತಿಯಾಯಿತು. ಹಾಗೆ ನೋಡಿದರೆ ನೀನು ಆ ಕೆಲಸ ಬಿಟ್ಟರೆ ನನಗೆ ಸಂತೋಷವೇ. ಅಮ್ಮನ ಕೊನೆಯ ಎರಡು ವರ್ಷ ನನಗೆ ಮರೆತಿಲ್ಲ. ಆವತ್ತು ನಾನು ಏನು ಹೇಳಿದೆನೋ ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ.

ಸೀಸೆ ನಿನ್ನೆ ತಲುಪಿತು, ಸರಿಯಾಗಿ ಒಂಬತ್ತು ದಿನ. ಮುಚ್ಚಳ ತೆಗೆದು ನೋಡಿದೆ. ಯಾವ ವಾಸನೆಯೂ ಬರಲಿಲ್ಲ. ಬಣ್ಣ ತಿಳಿಯಾಗಿತ್ತು.

ಫೋನ್ ಮಾಡಿದರೆ ಯಾಕೆ ಎತ್ತುವುದಿಲ್ಲ? ಕೋಪವೇ?

ನಿನ್ನ ತಮ್ಮ

ಜನವರಿ ೨೫

ಮೂಗಿನ ಸಾಹೇಬರಿಗೆ ಜಯವಾಗಲಿ!

ನಿನ್ನ ಆ ಒಂದು ಸಾಲನ್ನು ಮೂರು ಸಲ ಓದಿದೆ. ಯಾವ ವಾಸನೆಯೂ ಇಲ್ಲ! ಕಾಗದವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. “ನನ್ನ ತಮ್ಮ ಹಾಲು ಪರೀಕ್ಷೆ ಮಾಡೋನು, ಅವನೇ ಪಾಸ್ ಮಾಡಿದಾನೆ,” ಎನ್ನುತ್ತೇನೆ. ರಾಣಿ ಪಾತ್ರದವಳಿಗೆ ಮೊದಲು ಅನುಮಾನವಿತ್ತು. ನಿನ್ನ ಕಾಗದ ಓದಿ, “ಹಾಗಾದ್ರೆ ಸರಿ, ನನ್ನ ತಲೆ ನಿಮ್ಮ ಕೈಲಿ,” ಎಂದಳು.

ಎಲ್ಲವೂ ಗೆದ್ದಿಲ್ಲ. ಸ್ಪ್ರೇಗೆ ಬದಲಾಗಿ ಸಕ್ಕರೆ ನೀರು ಸಿಂಪಡಿಸಿದರೆ ಕೂದಲು ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ನಿಜವೇ, ಕಡ್ಡಿಯಂತಾಯಿತು. ಬೆಳಿಗ್ಗೆ ಬಂದು ನೋಡಿದರೆ ಮಂತ್ರಿಯ ವಿಗ್ಗಿನ ಮೇಲೆ ಇರುವೆಗಳ ದಂಡು. ಮಂತ್ರಿ ಪಾತ್ರದವರು ವಿಗ್ಗು ಕೊಡವುತ್ತಾ, “ಇವಕ್ಕೂ ಒಂದು ಪಾತ್ರ ಕೊಡಿ, ಸೈನ್ಯ ಕಮ್ಮಿ ಇದೆ,” ಎಂದರು. ಆವತ್ತೇ ಸಕ್ಕರೆಗೆ ರಜೆ ಕೊಟ್ಟೆ.

ಅದರ ಬದಲು ಬೇರೆ ದಾರಿ ಸಿಕ್ಕಿದೆ. ಹಳೆಯ ನಾಟಕದ ಪೋಸ್ಟರುಗಳನ್ನು ಕತ್ತರಿಸಿ ಸುತ್ತಿ ಸುರುಳಿ ಮಾಡಿಕೊಂಡಿದ್ದೇನೆ. ಒದ್ದೆ ಕೂದಲಿಗೆ ಲೋಳೆ ಸವರಿ, ಆ ಸುರುಳಿಗೆ ಸುತ್ತಿ, ತಾನಾಗಿ ಒಣಗಲು ಬಿಡಬೇಕು. ಎರಡು ಗಂಟೆ ಬೇಕು. ಡಬ್ಬಿ ಎರಡು ನಿಮಿಷದಲ್ಲಿ ಮಾಡುತ್ತಿದ್ದ ಕೆಲಸ. ಬೇಗ ಬರಬೇಕೆಂದು ಎಲ್ಲರೂ ಗೊಣಗುತ್ತಾರೆ. ಗೊಣಗಲಿ. ಏಳು ಸುರುಳಿ ಒಂದರ ಮೇಲೊಂದು ಪೇರಿಸಿದರೆ ರಾಣಿಯ ಗೋಪುರ. ಮೊನ್ನೆ ಅಭ್ಯಾಸದಲ್ಲಿ ಅವಳು ಕುಣಿದಳು, ಬಿದ್ದಳು, ಎದ್ದಳು. ಗೋಪುರ ಅಲುಗಲಿಲ್ಲ.

ಹತ್ತು ದಿನಕ್ಕಾಗುವಷ್ಟನ್ನು ಒಂದೇ ಸಲ ಕುದಿಸಿ ಒಯ್ಯುತ್ತೇನೆ. ನಿನ್ನ ಮೂಗು ಒಪ್ಪಿದ ಮೇಲೆ ಭಯವೇನು?

ಕೋಪವೇನೂ ಇಲ್ಲ. ಫೋನ್ ಇಟ್ಟಲ್ಲಿ ಮರೆಯುತ್ತೇನೆ, ಅಷ್ಟೆ. ಸೀಸೆ ಎಲ್ಲಿ?

ಅಕ್ಕ

ಫೆಬ್ರುವರಿ ೭

ಅಕ್ಕಾ,

ಒಂದೇ ಸಲ ಅಷ್ಟೊಂದು ಮಾಡಬೇಡ. ಸ್ವಲ್ಪ ಸ್ವಲ್ಪ ಮಾಡಿದರೆ ಯಾವಾಗಲೂ ಒಳ್ಳೆಯದು. ಸೀಸೆಗಳನ್ನು ಕುದಿಯುವ ನೀರಿನಲ್ಲಿ ಇಡು. ನಾನು ನೋಡಿದ್ದು ಒಂದೇ ಸೀಸೆ, ಒಂದರ ಮೇಲೆ ಅಷ್ಟು ಭಾರ ಹೊರಿಸಬೇಡ. ನನ್ನ ಕಾಗದವನ್ನು ಕನ್ನಡಿಯಿಂದ ತೆಗೆದರೆ ವಾಸಿ.

ಇಲ್ಲಿ ನನ್ನ ಜೊತೆ ಕ್ಯಾನ್ ತೊಳೆಯುವ ಹೆಂಗಸು ನಾಲ್ಕು ದಿನ ರಜೆ ಹಾಕಿದಳು. ಆ ನಾಲ್ಕು ದಿನ ನನಗೆ ಜೀವ ಹಿಡಿ ಗಾತ್ರವಾಗಿತ್ತು. ನಿನ್ನೆ ಬಂದಿದ್ದಾಳೆ. ಹೆಚ್ಚು ಬರೆಯಲು ಹೊತ್ತಿಲ್ಲ.

ಎರಡು ಗಂಟೆ ಸುರುಳಿ ಒಣಗಿಸುವ ಬದಲು ಡಬ್ಬಿಯೇ ಬಳಸಿದರೆ ನಿನ್ನ ಸೊಂಟವಾದರೂ ಉಳಿದೀತು. ಯಾಕಿಷ್ಟು ಹಠ?

ತಮ್ಮ

ಫೆಬ್ರುವರಿ ೨೬

ತಮ್ಮಯ್ಯಾ,

ಗಡಿಬಿಡಿಯಲ್ಲಿ ನಾಲ್ಕು ಸಾಲು. ಲಾರಿಗೆ ಸಾಮಾನು ಹೇರುತ್ತಿದ್ದಾರೆ. ಇವತ್ತು ಬೆಳಿಗ್ಗೆ ಒಂದೇ ಹಂಡೆಯಲ್ಲಿ ಕುದಿಸಿ ಹನ್ನೆರಡು ಸೀಸೆ ತುಂಬಿಸಿದೆ. ಹೋದ ವಾರ ಒಂದು ಸೀಸೆಯನ್ನು ಕಿಟಕಿಯಲ್ಲಿ ಇಟ್ಟಿದ್ದೆ. ಏಳನೇ ದಿನ ಮುಚ್ಚಳ ತೆಗೆದಾಗ ಏನೋ ಒಂದು ಥರ ಇದೆ ಅನ್ನಿಸಿತು. ಮತ್ತೆ ಮೂಸಿದೆ, ಗೊತ್ತಾಗಲಿಲ್ಲ. ಕೊನೆಗೆ ಕನ್ನಡಿಯ ಮೂಲೆ ನೋಡಿದೆ. ನನ್ನ ಮೂಗೋ ನಿನ್ನ ಮೂಗೋ ಎಂದರೆ ನಿನ್ನದೇ. ಹುಟ್ಟಿದಾಗಿನಿಂದ ಅದೊಂದರಲ್ಲಿ ನಿನ್ನನ್ನು ಸೋಲಿಸಲು ನನಗೆ ಆಗಿಲ್ಲ.

ಕ್ಯಾನ್ ತೊಳೆಯುವವಳು ರಜೆ ಹಾಕಿದರೆ ನಿನಗೆ ಯಾಕಪ್ಪ ಅಷ್ಟು ಸಂಕಟ? ಮನಸ್ಸು ಆ ಕಡೆ ವಾಲಿದೆಯೋ? ಬರಿ, ಬರಿ. ಅಕ್ಕನ ಹತ್ತಿರ ಮುಚ್ಚಿಡಬೇಡ.

ಅಕ್ಕ

ಮಾರ್ಚ್ ೮

ತಮ್ಮನಿಗೆ,

ನಿನ್ನೆಯಿಂದ ನಿನ್ನ ಹನ್ನೊಂದು ಕರೆ. ಎತ್ತುವುದಿಲ್ಲ.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ಪ್ರದರ್ಶನ, ಅಂದರೆ ಲೋಳೆ ಮಾಡಿದ ಏಳನೇ ದಿನ. ಮೇಕಪ್ ಕೋಣೆಯಲ್ಲಿ ಅಂಟು, ಪೌಡರಿನ ನಡುವೆ ಯಾರಿಗೂ ತಿಳಿಯಲಿಲ್ಲ. ರಂಗದ ಮೇಲೆ ದೀಪಗಳ ಕಾವಿಗೆ ಗೋಪುರ ಬಿಸಿಯಾಯಿತು ನೋಡು, ಆಗ ಎದ್ದಿತು. ರಾಜ ಮಂಡಿಯೂರಿ ಪ್ರೇಮ ನಿವೇದನೆ ಮಾಡಬೇಕು. ಅವನು ಮುಖ ಆ ಕಡೆ ತಿರುಗಿಸಿಕೊಂಡು ಮಾತು ಹೇಳಿದ. ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಒಬ್ಬರು ನಕ್ಕರು, ಆಮೇಲೆ ಸಭಾಂಗಣವೇ ನಕ್ಕಿತು. ರಾಣಿ ಮಾತ್ರ ಕೊನೆಯ ಸಾಲಿನವರೆಗೆ ತಲೆ ಎತ್ತಿಕೊಂಡೇ ನಿಂತಳು. ಪರದೆ ಬಿದ್ದ ಮೇಲೆ ನನ್ನ ಕುರ್ಚಿಯಲ್ಲಿ ಕುಳಿತು ಅತ್ತಳು. ಪಿನ್ನು ತೆಗೆದು ನೋಡಿದರೆ ನೆತ್ತಿಯ ತುಂಬ ಕೆಂಪು ಗುಳ್ಳೆ.

“ನನ್ನ ತಲೆ ನಿಮ್ಮ ಕೈಲಿ ಅಂದಿದ್ದೆ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಡಬ್ಬಿಗಳು ಒಳಗೆ ಬಂದವು. ಮೇಳದ ಹುಡುಗಿಯೊಬ್ಬಳು ಸಿಂಪಡಿಸುತ್ತಾಳೆ. ನಾನು ಹಿಂದಿನ ಅಂಗಳದಲ್ಲಿ ಬಡಗಿಯ ಪಕ್ಕ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮ್ಯಾನೇಜರು ಅನ್ಯಾಯದ ಮನುಷ್ಯರಲ್ಲ. “ಗೋಪುರ ಬೀಳಲಿಲ್ಲ, ಅದನ್ನ ಒಪ್ತೀನಿ. ಏಪ್ರಿಲ್ ಕೊನೆಗೆ ಇದೇ ಊರಲ್ಲಿ ಮೂರು ಪ್ರದರ್ಶನ ಇದೆ. ಅದೇ ಕೊನೆ ಸಲ. ಆಗಲೂ ಹೀಗಾದ್ರೆ ಬೇರೆಯವರನ್ನ ನೋಡ್ಕೊಳ್ತೀನಿ,” ಎಂದರು. ರಾಣಿ ಒಪ್ಪಬೇಕಲ್ಲ? ಅವಳು ನನ್ನ ಮುಖ ನೋಡುತ್ತಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ಆ ಸೀಸೆಯ ಮುಚ್ಚಳ ತೆಗೆದೆಯಾ, ಅಥವಾ ಅಕ್ಕನ ಹುಚ್ಚಾಟ ಎಂದು ಮೂಲೆಗಿಟ್ಟು ಸುಮ್ಮನೆ ಒಂದು ಸಾಲು ಗೀಚಿದೆಯಾ? ನಿನ್ನ ಹಾಲಿಗೆ ಹೀಗೆ ಮಾಡುತ್ತೀಯಾ? ನಾನು ನನ್ನ ಮೂಗನ್ನು ಬಿಟ್ಟು ನಿನ್ನನ್ನು ನಂಬಿದೆ.

ಸೀಸೆ ಬೇಡ. ಇಟ್ಟುಕೊ.

ಮಾರ್ಚ್ ೩೦

ಅಕ್ಕಾ,

ಮುಚ್ಚಳ ತೆಗೆದಿದ್ದೆ. ಮೂಸಿದ್ದೆ. ಮೂರು ಸಲ, ಕಣ್ಣು ಮುಚ್ಚಿಕೊಂಡು.

ನನಗೆ ವಾಸನೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಜ್ವರ ಬಂದಿತ್ತಲ್ಲ, ಜ್ವರ ಬಿಟ್ಟಿತು, ವಾಸನೆ ವಾಪಸ್ ಬರಲಿಲ್ಲ. ಸೋಪು, ಹೊಗೆ, ಕೊಳೆತ ಹಣ್ಣು, ಎಲ್ಲ ಒಂದೇ. ‘ಯಾವ ವಾಸನೆಯೂ ಬರಲಿಲ್ಲ’ ಎಂದು ಬರೆದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆ. ಅಕ್ಷರಕ್ಕೆ ನಿಜ. ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿಲ್ಲ. ನೀನು ‘ಮೂಗಿನ ಸಾಹೇಬ’ ಎಂದು ಶುರು ಮಾಡಿದ್ದೆ. ಇಲ್ಲ ಎಂದು ಬರೆಯಲು ನಾಚಿಕೆಯಾಯಿತು. ನಿನ್ನ ಫೆಬ್ರುವರಿಯ ಕಾಗದ ಮಾರ್ಚ್ ಏಳಕ್ಕೆ ತಲುಪಿತು. ಓದಿದ ಕೂಡಲೇ ಫೋನ್ ಹಿಡಿದೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಡೇರಿಯಲ್ಲಿ ಹೇಗೆ ನಡೆಸಿದೆ ಎಂದು ಕೇಳುತ್ತೀಯ. ಬೆಳಿಗ್ಗೆ ಕ್ಯಾನುಗಳ ಮುಚ್ಚಳ ತೆಗೆದ ಕೂಡಲೇ ಮೂಸಿ, ಕೆಟ್ಟದ್ದನ್ನು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ಪಕ್ಕದಲ್ಲಿ ಕ್ಯಾನ್ ತೊಳೆಯುವ ಹೆಂಗಸು ನಿಂತಿರುತ್ತಾಳೆ. ಹಾಲು ಕೆಟ್ಟಿದ್ದರೆ ಅವಳ ಹುಬ್ಬು ಮೇಲೇರುತ್ತದೆ. ನಾನು ಅವಳ ಹುಬ್ಬು ನೋಡಿ ಕ್ಯಾನು ತಳ್ಳುತ್ತಿದ್ದೆ. ಅವಳು ರಜೆ ಹಾಕಿದ ನಾಲ್ಕು ದಿನ ಪ್ರತಿ ಕ್ಯಾನಿಗೂ ರಾಸಾಯನಿಕ ಪರೀಕ್ಷೆ ಮಾಡಿ, ಲಾರಿಗಳು ಸಾಲುಗಟ್ಟಿ, ಎಲ್ಲರಿಂದ ಬೈಸಿಕೊಂಡೆ. ನಿನ್ನ ಸೀಸೆಯನ್ನು ಮನೆಯಲ್ಲಿ ಒಬ್ಬನೇ ತೆಗೆದೆ. ನೋಡಲು ಯಾರ ಮುಖವೂ ಇರಲಿಲ್ಲ.

ನೀನು ಬೈದ ಕಾಗದ ಬಂದ ಮರುದಿನ ಅರ್ಧ ಕೇಜಿ ಅಗಸೆ ತಂದೆ. ಮೊದಲ ಸಲ ತಳ ಹಿಡಿಯಿತು. ಎರಡನೇ ಸಲ ಎಳೆ ತಪ್ಪಿತು, ಬೀಜದ ಉಂಡೆಯೇ ಆಯಿತು. ಮೂರನೇ ಸಲ ಸರಿಯಾಗಿ ಬಂತು. ಏಳು ಸೀಸೆ ತುಂಬಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ದಿನಕ್ಕೊಂದು ಸೀಸೆಯನ್ನು ಕೆಲಸಕ್ಕೆ ಒಯ್ದು ಆಕೆಯ ಮುಂದೆ ತೆಗೆದೆ. ಮೊದಲ ದಿನವೇ ನಿಜ ಹೇಳಬೇಕಾಯಿತು.

“ಗೊತ್ತಿತ್ತು ಬಿಡಿ ಸಾರ್,” ಎಂದಳು. “ಐದು ತಿಂಗಳಿಂದ ನೀವು ಕ್ಯಾನ್ ನೋಡ್ತಿಲ್ಲ, ನನ್ನ ಮುಖ ನೋಡ್ತಿದ್ದೀರ. ಮೊದಲು ಬೇರೆ ಏನೋ ಅಂದ್ಕೊಂಡು ಮನೆಯವರಿಗೆ ಹೇಳೋಣ ಅಂತಿದ್ದೆ.”

ಮೂರು ದಿನ ಹುಬ್ಬು ನೇರವಾಗಿತ್ತು. ನಾಲ್ಕನೇ ದಿನ ಒಂದು ಹುಬ್ಬು ಎದ್ದಿತು. ಐದನೇ ದಿನ ಎರಡೂ. ಏಳನೇ ದಿನ ಸೀಸೆಯನ್ನು ಕಿತ್ತುಕೊಂಡು ಚರಂಡಿಗೆ ಸುರಿದಳು. ಸ್ವಲ್ಪ ಸ್ವಲ್ಪವನ್ನು ಸೂಕ್ಷ್ಮದರ್ಶಕದಲ್ಲೂ ನೋಡಿದೆ. ಹುಬ್ಬು ಹೇಳಿದ್ದೇ ಸರಿ.

ಆದ್ದರಿಂದ ಕೇಳು. ಲೋಳೆಯ ಆಯಸ್ಸು ಮೂರು ದಿನ. ಲವಂಗ, ನಿಂಬೆ ಯಾವುದೂ ಅದನ್ನು ಹತ್ತು ದಿನ ಮಾಡುವುದಿಲ್ಲ. ಸೀಸೆ, ಮುಚ್ಚಳ ಇಪ್ಪತ್ತು ನಿಮಿಷ ಕುದಿಯಬೇಕು. ಕಾಲುಚೀಲವೂ ಕುದಿಯಬೇಕು. ದೊಡ್ಡ ಸೀಸೆ ಬೇಡ, ಒಂದು ತಲೆಗೆ ಒಂದು ದಿನಕ್ಕಾಗುವ ಚಿಕ್ಕದು. ಬೆರಳು ಅದ್ದಬೇಡ, ಒಣ ಚಮಚ. ಮುಚ್ಚಳದ ಮೇಲೆ ತಾರೀಖು ಬರೆ, ಮೂರು ದಿನ ಕಳೆದದ್ದನ್ನು ಮೂಸದೆಯೇ ಚೆಲ್ಲು. ಯಾರ ಮೂಗನ್ನೂ ನಂಬಬೇಡ. ಅಲ್ಲೇ ಕುದಿಸುವ ದಾರಿ ಹುಡುಕು. ನಾಟಕ ಕಂಪನಿಯಲ್ಲಿ ಎಲ್ಲೋ ಒಂದು ಒಲೆ ಇದ್ದೇ ಇರುತ್ತದೆ.

ರಾಣಿಗೆ ನನ್ನ ಈ ಕಾಗದ ತೋರಿಸು. ಗುಳ್ಳೆ ಎದ್ದದ್ದು ನನ್ನಿಂದ, ನಿನ್ನಿಂದಲ್ಲ.

ಸೀಸೆ ಕಳಿಸುತ್ತಿದ್ದೇನೆ, ನೀನು ಬೇಡ ಎಂದರೂ.

ತಮ್ಮ

ಏಪ್ರಿಲ್ ೯

ತಮ್ಮಯ್ಯಾ,

ನಿನ್ನ ಕಾಗದ ಓದಿ ಮೊದಲು ಹಲ್ಲು ಕಡಿದೆ, ಆಮೇಲೆ ಹುಬ್ಬಿನ ಕಥೆಗೆ ನಕ್ಕೆ, ನಕ್ಕಿದ್ದು ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಮೆಟ್ಟಿಲ ಮೇಲೆ ಕುಳಿತೆ. ಅಲ್ಲೇ ತೀರ್ಮಾನಿಸಿದೆ. ನೀನು ಹೇಳಿದ ಮೇಲೆ ನಾನು ಮುಚ್ಚಿಟ್ಟುಕೊಂಡರೆ ನನಗೆ ಮುಖವಿಲ್ಲ.

ಡಬ್ಬಿಗಳ ಮೇಲೆ ನನಗೆ ಕನಿಕರವೂ ಇಲ್ಲ, ಯಾವ ಪತ್ರಿಕೆಯೂ ಇಲ್ಲ. ನನಗೆ ಉಸಿರು ಸಾಲುತ್ತಿಲ್ಲ. ಡಿಸೆಂಬರಿನಲ್ಲಿ ಎದೆಯ ಡಾಕ್ಟರು ನೋಡಿದರು. “ಆ ಸ್ಪ್ರೇ ಇರೋ ಕೋಣೇಲಿ ಇನ್ನೊಂದು ವರ್ಷ ಇದ್ರೆ ಬಾಯಿಗೆ ಒತ್ತೋ ಉಸಿರಿನ ಪಂಪ್ ಇಲ್ಲದೆ ಮೆಟ್ಟಿಲು ಹತ್ತೋಕಾಗಲ್ಲ,” ಎಂದರು. ಈಗಲೇ ನನ್ನ ಚೀಲದಲ್ಲಿ ಪಂಪ್ ಇದೆ. ಡಬ್ಬಿ ಒಳಗೆ ಬಂದರೆ ನಾನು ಹೊರಗೆ ಎಂದದ್ದು ಅಬ್ಬರವಲ್ಲ, ಲೆಕ್ಕಾಚಾರ. ನಿನಗೆ ಹೇಳಲಿಲ್ಲ. ಅಮ್ಮ ಹೋದ ದಿನ ನೀನು ಹೇಳಿದ್ದು ಕಿವಿಯಲ್ಲೇ ಇದೆ: “ಅಮ್ಮ ನಡೆಸ್ತಿದ್ದ ತಿಂಡಿ ಅಂಗಡಿ ಹೊಗೆ ಅವಳ ಎದೆ ತಿಂತು. ನೀನೂ ಅದೇ ದಾರಿ ಹಿಡಿದ್ರೆ ನನ್ನ ಹತ್ರ ಬರಬೇಡ.” ಹೇಳಿದರೆ ಬಿಡು ಎನ್ನುತ್ತೀಯ. ನನಗೆ ಬಿಡುವುದು ಬೇಡ. ಬಣ್ಣವಿಲ್ಲದ ಮುಖದವಳೊಬ್ಬಳು ನನ್ನ ಕುರ್ಚಿಯಲ್ಲಿ ಕುಳಿತು ರಾಣಿಯಾಗಿ ಏಳುತ್ತಾಳೆ. ಆ ಗಳಿಗೆಗಾಗಿ ಬದುಕಿದ್ದೇನೆ ಎಂದರೆ ನಗಬೇಡ.

ಫೋನ್ ಎತ್ತದೆ ಇದ್ದದ್ದೂ ಅದಕ್ಕೇ. ಕಾಗದ ಕೆಮ್ಮುವುದಿಲ್ಲ.

ಒಲೆ ಸಿಕ್ಕಿತು. ಬಡಗಿ ಅಂಟು ಕುದಿಸುವ ಒಲೆ! ಅಂಗಳದಲ್ಲಿ ಅದರ ಪಕ್ಕದಲ್ಲೇ ಕುಳಿತು ನಿನ್ನನ್ನು ಬೈದು ಬರೆದಿದ್ದೆ, ಆದರೂ ಕಣ್ಣಿಗೆ ಬಿದ್ದಿರಲಿಲ್ಲ. “ಪಾತ್ರೆ ಮಾತ್ರ ಬೇರೆ ತರಬೇಕು. ಅದಲುಬದಲಾದ್ರೆ ರಾಣಿ ಗೋಪುರ ಜನ್ಮದಲ್ಲಿ ಬಿಚ್ಚಲ್ಲ,” ಎಂದ. ದಿನಾ ಬೆಳಿಗ್ಗೆ ಅಲ್ಲೇ ಕುದಿಸುತ್ತೇನೆ. ಉಳಿದದ್ದನ್ನು ಇಟ್ಟುಕೊಳ್ಳುವುದಿಲ್ಲ, ಆಯಾ ದಿನದ್ದು ಆಯಾ ದಿನಕ್ಕೆ. ಸೀಸೆಗಳಿಗೆ ತಾರೀಖಿನ ಚೀಟಿ ಹಚ್ಚಿದ್ದೇನೆ.

ರಾಣಿಗೆ ನಿನ್ನ ಕಾಗದ ಕೊಟ್ಟೆ. ಓದಿ ಮಡಚಿ ಕೊಟ್ಟಳು. ಇವತ್ತು ಮ್ಯಾನೇಜರ ಹತ್ತಿರವೂ ಹೋಗಿ ಡಾಕ್ಟರ ಚೀಟಿ ಇಟ್ಟೆ. ಷರತ್ತು ಷರತ್ತೇ ಎಂದರು. ಸರಿ ಎಂದೆ. ಕನಿಕರಕ್ಕೆ ಉಳಿಯುವ ಕೆಲಸ ನನಗೆ ಬೇಡ.

ನಾನು ಹೇಳಿಬಿಟ್ಟೆ. ನೀನೂ ನಿನ್ನ ಸಾಹೇಬರಿಗೆ ಹೇಳು. ಬೇರೆಯವರ ಹುಬ್ಬಿನ ಮೇಲೆ ಎಷ್ಟು ದಿನ ಊರಿಗೆ ಹಾಲು ಕುಡಿಸುತ್ತೀಯ?

ಸೀಸೆ ಬಂತು. ನೀನು ತೊಳೆದಿರುವುದು ನೋಡಿದರೆ ಕ್ಯಾನ್ ತೊಳೆಯುವವಳಿಂದ ಕಲಿತಿದ್ದೀಯ.

ಅಕ್ಕ

ಏಪ್ರಿಲ್ ೧೯

ಅಕ್ಕಾ,

ಹೇಳಿದೆ. ಸಾಹೇಬರ ಕೋಣೆಯ ಮುಂದೆ ಹತ್ತು ನಿಮಿಷ ನಿಂತು, ಒಳಗೆ ಹೋಗಿ, ಒಂದೇ ಉಸಿರಿಗೆ. ಆರು ತಿಂಗಳು ಮುಚ್ಚಿಟ್ಟದ್ದಕ್ಕೆ ಅವರು ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಇನ್ನು ಮೇಲೆ ನನಗೆ ಒಳಗೆ, ಸೂಕ್ಷ್ಮದರ್ಶಕದ ಮುಂದೆ ಕೆಲಸ. ಕ್ಯಾನಿನ ಮುಚ್ಚಳ ತೆಗೆಯುವ ಕೆಲಸ ಆ ಹೆಂಗಸಿಗೆ ಕೊಟ್ಟರು, ಸಂಬಳ ಏರಿಸಿ. “ಹುಬ್ಬಿಗೆ ಬೇರೆ ಭತ್ಯೆ ಇಲ್ವಾ ಸಾರ್?” ಎಂದು ನನ್ನನ್ನು ಕೇಳುತ್ತಾಳೆ.

ನಿನ್ನ ಕಾಗದಕ್ಕೆ ಉತ್ತರವಾಗಿ ‘ಕೆಲಸ ಬಿಡು’ ಎಂದು ಮೂರು ಸಲ ಬರೆದೆ, ಮೂರು ಸಲ ಹರಿದೆ. ಅಮ್ಮ ಹೋದ ದಿನ ಹಾಗೆ ಹೇಳಿದ್ದು ಭಯದಿಂದ, ಅಕ್ಕಾ. ಇನ್ನೊಬ್ಬರನ್ನು ಹಾಗೆ ನೋಡುವ ಶಕ್ತಿ ನನಗಿರಲಿಲ್ಲ. ನನ್ನ ಹತ್ತಿರ ಬರಬೇಡ ಎಂದದ್ದಕ್ಕೆ ನೀನು ಉಸಿರು ಸಾಲದೆ ಇದ್ದಾಗಲೂ ಬರಲಿಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಬಿಡು ಎನ್ನುವುದಿಲ್ಲ. ಗೆಲ್ಲು. ಆದರೆ ಗೋಪುರ ಬಿದ್ದರೆ, ಡಬ್ಬಿ ಬಂದರೆ, ಆ ಕೋಣೆಯಲ್ಲಿ ಒಂದು ಗಂಟೆಯೂ ನಿಲ್ಲಬೇಡ. ಮಾತು ಕೊಡು.

ತಮ್ಮ

ಏಪ್ರಿಲ್ ೨೯

ತಮ್ಮಯ್ಯಾ,

ಮಾತು ಕೊಟ್ಟೆ ಎಂದು ಬರೆಯುವ ಮೊದಲೇ ಪ್ರದರ್ಶನಗಳು ಮುಗಿದವು. ನಿನ್ನ ಕಾಗದ ನಿನ್ನೆ ಬಂತು. ಒಂದು ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಒಲೆಯ ಮುಂದೆ ಸೌಟು ಹಿಡಿದು ಕುಳಿತಿದ್ದೆ. ಗೇಟಿನಲ್ಲಿ ಯಾರೋ ಬಂದರು. ನೋಡಿದರೆ ರಾಣಿ, ಎಲ್ಲರಿಗಿಂತ ಮೊದಲು, ತೊಳೆದ ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು. ನನ್ನ ಪಕ್ಕ ಮಣೆಯ ಮೇಲೆ ಕುಳಿತಳು.

“ಚೀಟಿ ತೋರಿಸಿ,” ಎಂದಳು. ಸೀಸೆಯ ಮೇಲಿನ ತಾರೀಖು ಓದಿದಳು. ಆವತ್ತಿನದೇ. “ಹಚ್ಚಿ,” ಎಂದು ತಲೆ ಬಗ್ಗಿಸಿದಳು. ಮೂರು ದಿನವೂ ಹಾಗೇ ಬಂದಳು. ಅವಳೇ ಬಂದ ಮೇಲೆ ಉಳಿದವರು ಗೊಣಗಲಿಲ್ಲ.

ಮೂರನೇ ಪ್ರದರ್ಶನದಲ್ಲಿ ಫ್ಯಾನುಗಳು ಕೈಕೊಟ್ಟವು. ರಂಗದ ಮೇಲೆ ಒಲೆಯ ಕಾವು. ಎಲ್ಲರ ಬಣ್ಣ ಇಳಿಯುತ್ತಿತ್ತು. ನಾನು ಪರದೆಯ ಪಕ್ಕ ನಿಂತು ಏಳು ಸುರುಳಿಗಳನ್ನೇ ನೋಡುತ್ತಿದ್ದೆ. ಕೊನೆಯ ದೃಶ್ಯದಲ್ಲಿ ಮೇಲಿನ ಸುರುಳಿ ಸಡಿಲವಾಗಿ ಒಂದು ಎಳೆ ಹಣೆಗೆ ಜಾರಿತು. ಮುಗಿಯಿತು ಅಂದುಕೊಂಡೆ. ರಾಣಿ ತಾನೇ ಬೇಕೆಂದು ಬಿಟ್ಟವಳ ಹಾಗೆ ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, ತನ್ನ ಮಾತು ಮುಂದುವರಿಸಿದಳು. ಯಾರೂ ಕರವಸ್ತ್ರ ತೆಗೆಯಲಿಲ್ಲ. ರಾಜ ಈ ಸಲ ಅವಳ ಮುಖ ನೋಡಿಯೇ ಪ್ರೇಮ ನಿವೇದಿಸಿದ.

ಪರದೆ ಬಿದ್ದ ಮೇಲೆ ಮ್ಯಾನೇಜರು ಬಂದರು. “ಒಂದು ಎಳೆ ಜಾರಿತು,” ಎಂದರು.

“ಗೋಪುರ ಬಿತ್ತಾ?” ಎಂದೆ.

“ಬೀಳಲಿಲ್ಲ.” ಆಮೇಲೆ ಕಪಾಟು ತೆಗೆದು, ತಂದಿಟ್ಟಿದ್ದ ಡಬ್ಬಿಗಳನ್ನೆಲ್ಲ ತಾವೇ ಬುಟ್ಟಿಗೆ ತುಂಬಿಸಿ ಅಂಗಡಿಗೆ ವಾಪಸ್ ಕಳಿಸಲು ಹೇಳಿದರು. ಬಾಗಿಲಲ್ಲಿ ತಿರುಗಿ, “ಮುಂದಿನ ತಿಂಗಳಿಂದ ಎಲ್ಲರೂ ಎರಡು ಗಂಟೆ ಮೊದಲು ಬರಬೇಕು ಅಂತ ಬೋರ್ಡ್ ಹಾಕಿಸ್ತೀನಿ,” ಎಂದು ಹೋದರು. ಕೋಣೆಯಲ್ಲಿ ಕುಳಿತು ಕಿಟಕಿ ಮುಚ್ಚಿಯೂ ಉಸಿರಾಡಿ ನೋಡಿದೆ. ಎದೆ ಪೂರ್ತಿ ತುಂಬಲಿಲ್ಲ, ಆದರೆ ಚುಚ್ಚಲಿಲ್ಲ.

ಪಂಪ್ ಇನ್ನೂ ಚೀಲದಲ್ಲಿದೆ. ಹೋದ ಉಸಿರು ಅಷ್ಟೂ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಮೂಗೂ ಬರುತ್ತದೋ ಇಲ್ಲವೋ. ಇಬ್ಬರೂ ಉಳಿದದ್ದರಲ್ಲೇ ಕೆಲಸ ಮಾಡೋಣ.

ಮುಂದಿನ ತಿಂಗಳ ಕೊನೆಯ ಭಾನುವಾರ ಹನ್ನೊಂದು ಗಂಟೆಗೆ ಫೋನ್ ಮಾಡುತ್ತೇನೆ. ಎತ್ತು. ಮಾತಿನ ನಡುವೆ ಕೆಮ್ಮು ಬರುತ್ತದೆ. ಗಾಬರಿಯಾಗಿ ಏನೂ ಹೇಳಬೇಡ. ಅದು ನಿಲ್ಲುವವರೆಗೆ ಕಾದಿರು, ಆಮೇಲೆ ನನ್ನ ಮಾತು ಮುಗಿಸಲು ಬಿಡು.

ನಿನ್ನ ಅಕ್ಕ